ಸ್ವಂತ ಡೊಮೇನ್‌ನ ಬ್ಲಾಗ್ ವೈಫೈಯಲ್ಲಿ ಬರುತ್ತದೆ, ಮೊಬೈಲ್ ಡೇಟಾದಲ್ಲಿ ಬರುವುದಿಲ್ಲ

ಪ್ರಶ್ನೆ

ನಮಸ್ಕಾರ. ನನ್ನದೇ ವಿಳಾಸದ ಬ್ಲಾಗ್ ಕಡಿಮೆ ಖರ್ಚಿನಲ್ಲಿ ಆಗಲಿ ಎಂದು, ಡೊಮೇನ್ ಹೆಸರಿಗೆ ಮಾತ್ರ ಹಣ ಕೊಟ್ಟು, ಜೆಕಿಲ್ ಎಂಬ ಬ್ಲಾಗ್ ತಯಾರಿಸುವ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಪುಟಗಳನ್ನು ಗಿಟ್‌ಹಬ್ ಪೇಜಸ್ ಎಂಬ ಸೇವೆಯಲ್ಲಿ ಉಚಿತವಾಗಿ ಇರಿಸಿದ್ದೇನೆ. ರಿಜಿಸ್ಟ್ರಾರ್ (ಡೊಮೇನ್ ಮಾರಿದ ಸಂಸ್ಥೆ) ಕೊಟ್ಟಿರುವ ಡಿಎನ್‌ಎಸ್ (ಡೊಮೇನ್ ಹೆಸರನ್ನು ಸರ್ವರ್‌ನ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಪುಟದಲ್ಲಿ, ಸರ್ವರ್‌ನ ವಿಳಾಸ ಹೇಳುವ ಹಳೆಯ ಎ ರೆಕಾರ್ಡನ್ನು ಅಳಿಸಿ, 185.199.108.153ರಿಂದ 185.199.111.153ರವರೆಗಿನ ಗಿಟ್‌ಹಬ್‌ನ ನಾಲ್ಕು ವಿಳಾಸಗಳನ್ನು ಸೇರಿಸಿ ಮೂರು ದಿನಗಳಾದವು. ಟಿಟಿಎಲ್ (ಉತ್ತರವನ್ನು ನೆನಪಿಡಬಹುದಾದ ಅವಧಿ, ಸೆಕೆಂಡುಗಳಲ್ಲಿ) 3600 ಎಂದಿದೆ. ಮನೆಯ ವೈಫೈಯಲ್ಲಿ ಬ್ಲಾಗ್ ಸರಿಯಾಗಿ ಕಾಣಿಸುತ್ತದೆ. ಮೊಬೈಲ್ ಡೇಟಾದಲ್ಲಿ ತೆರೆದರೆ ರಿಜಿಸ್ಟ್ರಾರ್‌ನ ಜಾಹೀರಾತು ಪುಟವೇ ಬರುತ್ತದೆ. ಗಿಟ್‌ಹಬ್‌ನಲ್ಲಿ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಕಡ್ಡಾಯಗೊಳಿಸುವ ಆಯ್ಕೆಯೂ ಒತ್ತಲಾಗದಂತೆ ಮಸುಕಾಗಿಯೇ ಉಳಿದಿದೆ. ರಿಜಿಸ್ಟ್ರಾರ್‌ನವರನ್ನು ವಿಚಾರಿಸಿದಾಗ, ತಮ್ಮ ಹೋಸ್ಟಿಂಗ್ (ಪುಟಗಳನ್ನು ಇಡುವ ಜಾಗ) ಮತ್ತು ಎಚ್‌ಟಿಟಿಪಿಎಸ್‌ಗೆ ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದರು. ಕೊಳ್ಳುವುದು ಅನಿವಾರ್ಯವೇ?

ಉತ್ತರ 1

ಡಿಎನ್‌ಎಸ್ ಬದಲಾವಣೆ ಎಲ್ಲ ಕಡೆಗೂ ಹರಡಲು 48 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಬ್ರೌಸರ್‌ನ ಕ್ಯಾಷ್ (ನೆನಪಿಟ್ಟುಕೊಂಡ ಹಳೆಯ ಪ್ರತಿ) ಅಳಿಸಿ ಮತ್ತೊಂದು ದಿನ ಕಾದು ನೋಡಿರಿ.

ಉತ್ತರ 2

ಕಾಯುವುದರಿಂದ ಇದು ಬಗೆಹರಿಯಲಾರದು ಎಂಬುದು ನನ್ನ ಅಭಿಪ್ರಾಯ. ಡಿಎನ್‌ಎಸ್ ‘ಹರಡುತ್ತದೆ’ ಎಂಬ ಮಾತೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ಹಳೆಯ ಉತ್ತರವನ್ನು ನೆನಪಿಟ್ಟುಕೊಂಡಿರುವ ಸರ್ವರ್‌ಗಳು ಟಿಟಿಎಲ್ ಅವಧಿ ಮುಗಿದೊಡನೆ ಹೊಸದಾಗಿ ಕೇಳುತ್ತವೆ, ಅಷ್ಟೇ. 3600 ಎಂದರೆ ಒಂದು ಗಂಟೆ; ತಾವು ಮೂರು ದಿನ ಕಾದಿದ್ದೀರಿ. ಅದಕ್ಕಿಂತ ಮುಖ್ಯವಾಗಿ, ಕ್ಯಾಷ್‌ನ ತೊಂದರೆಯಾಗಿದ್ದರೆ ಅದು ಹೊತ್ತು ಕಳೆದಂತೆ ಬದಲಾಗಬೇಕಿತ್ತು. ನಿಮ್ಮಲ್ಲಿ ಅದು ಜಾಲ ಬದಲಾದಾಗ ಮಾತ್ರ ಬದಲಾಗುತ್ತಿದೆ.

ಅಂತರಜಾಲದ ವಿಳಾಸಗಳಲ್ಲಿ ಹಳೆಯ ಐಪಿವಿ4, ಹೊಸ ಐಪಿವಿ6 ಎಂಬ ಎರಡು ಬಗೆ. ಎ ರೆಕಾರ್ಡ್ ಹೇಳುವುದು ಐಪಿವಿ4 ವಿಳಾಸವನ್ನು ಮಾತ್ರ. ಐಪಿವಿ6 ವಿಳಾಸಕ್ಕೆ ಎಎಎಎ ಎಂಬ ಬೇರೆಯ ರೆಕಾರ್ಡ್ ಇರುತ್ತದೆ. ಮೊಬೈಲ್ ಜಾಲಗಳು ಹಲವೆಡೆ ಐಪಿವಿ6ನ್ನು ಬಳಸುತ್ತವೆ, ಎರಡೂ ದೊರೆತಾಗ ಫೋನು ಸಾಮಾನ್ಯವಾಗಿ ಅದಕ್ಕೇ ಆದ್ಯತೆ ಕೊಡುತ್ತದೆ. ಆದ್ದರಿಂದ ರಿಜಿಸ್ಟ್ರಾರ್ ಮೊದಲೇ ಹಾಕಿಟ್ಟಿದ್ದ ಎಎಎಎ ರೆಕಾರ್ಡ್ ಅಳಿಯದೆ ಉಳಿದಿದ್ದು, ಫೋನು ಅದನ್ನು ಹಿಡಿದು ಜಾಹೀರಾತು ಪುಟಕ್ಕೆ ಹೋಗುತ್ತಿರಬೇಕು ಎಂದು ನನ್ನ ಊಹೆ.

ಪ್ರಮಾಣಪತ್ರದ ತೊಡಕಿಗೂ ಇದೇ ಬೇರು ಇರಬಹುದು. ಗಿಟ್‌ಹಬ್ ಪೇಜಸ್ ಉಚಿತ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಪಡೆಯುತ್ತದೆ. ಡೊಮೇನ್ ನಿಮ್ಮ ಪುಟಗಳತ್ತಲೇ ತೋರುತ್ತದೆಯೇ ಎಂದು ಪರೀಕ್ಷಿಸುವಾಗ ಲೆಟ್ಸ್ ಎನ್‌ಕ್ರಿಪ್ಟ್ ಕೂಡ, ಎಎಎಎ ರೆಕಾರ್ಡ್ ಇದ್ದರೆ, ಮೊದಲು ಐಪಿವಿ6 ದಾರಿಯಲ್ಲೇ ಹೋಗಿ ನೋಡುತ್ತದೆ. ಅಲ್ಲಿ ಬೇರೆ ಯಾರದೋ ಸರ್ವರ್ ಉತ್ತರಿಸಿದರೆ ಪರೀಕ್ಷೆ ವಿಫಲವಾಗುತ್ತದೆ. ಹಣ ಕೊಟ್ಟು ಇನ್ನೊಂದು ಪ್ರಮಾಣಪತ್ರವನ್ನು ಕೊಂಡರೂ ಫೋನಿಗೆ ತಪ್ಪು ವಿಳಾಸ ಸಿಗುವುದು ತಪ್ಪುವುದಿಲ್ಲ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿರಿ. ಡಿಎನ್‌ಎಸ್ ವಿಚಾರಿಸುವ ಎನ್‌ಎಸ್‌ಲುಕಪ್ ಎಂಬ ಆದೇಶದಲ್ಲಿ ರೆಕಾರ್ಡ್‌ನ ಬಗೆಯನ್ನು ಎಎಎಎ ಎಂದು ಕೊಟ್ಟು ನಿಮ್ಮ ಡೊಮೇನನ್ನು ವಿಚಾರಿಸಿ, ಏನು ಬರುತ್ತದೆಂದು ತಿಳಿಸಿರಿ.

ಪ್ರಶ್ನೆ ಕೇಳಿದವರು

ತಮ್ಮ ಊಹೆ ನಿಜವಾಗಿತ್ತು. ಡಿಎನ್‌ಎಸ್ ಪಟ್ಟಿಯ ಎರಡನೆಯ ಪುಟದಲ್ಲಿ ಒಂದು ಎಎಎಎ ರೆಕಾರ್ಡ್ ಇತ್ತು; ಅಲ್ಲಿ ಎರಡನೆಯ ಪುಟವೂ ಇದೆಯೆಂದು ನಾನು ಗಮನಿಸಿಯೇ ಇರಲಿಲ್ಲ. ಅದನ್ನು ಅಳಿಸಿದ ಒಂದು ಗಂಟೆಯೊಳಗೆ ಫೋನಿನಲ್ಲಿಯೂ ಬ್ಲಾಗ್ ತೆರೆಯಿತು. ಆದರೆ ಪ್ರಮಾಣಪತ್ರ ಇನ್ನೂ ಬಂದಿಲ್ಲ, ಮತ್ತು ವಿಳಾಸದ ಮೊದಲಿಗೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸೇರಿಸಿ ತೆರೆದರೆ ಈಗಲೂ ಜಾಹೀರಾತೇ ಕಾಣಿಸುತ್ತದೆ. ಅದೇ ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆಯ ಹೆಸರಿನ ರೆಕಾರ್ಡ್ ಕೂಡ ಇದೆ.

ಉತ್ತರ 2

ಆ ನಕ್ಷತ್ರವೇ ವೈಲ್ಡ್‌ಕಾರ್ಡ್. ನೀವು ಬೇರೆಯಾಗಿ ಹೇಳದ ಎಲ್ಲ ಉಪಡೊಮೇನ್‌ಗಳಿಗೂ (ಡೊಮೇನಿನ ಮೊದಲಿಗೆ ಬೇರೆ ಪದ ಸೇರಿದ ಹೆಸರುಗಳಿಗೆ) ಅದೇ ಉತ್ತರ ಕೊಡುತ್ತದೆ. ಅದನ್ನು ಅಳಿಸಿಬಿಡಿರಿ. ಅದನ್ನೇ ಗಿಟ್‌ಹಬ್‌ನತ್ತ ತಿರುಗಿಸುವ ಆಲೋಚನೆಯೂ ಬೇಡ. ನೀವು ಬಳಸದ ಉಪಡೊಮೇನ್‌ನಲ್ಲಿ ಬೇರೊಬ್ಬರು ತಮ್ಮ ಪುಟವನ್ನು ಕೂರಿಸಲು ಅದು ದಾರಿ ಮಾಡಿಕೊಡುತ್ತದೆ.

ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹೆಸರಿಗೆ ಒಂದು ಸಿನೇಮ್ ರೆಕಾರ್ಡ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಜೋಡಿಸುವ ರೆಕಾರ್ಡ್) ಮಾಡಿ, ನಿಮ್ಮ ಬಳಕೆದಾರ ಹೆಸರಿನ ಕೊನೆಗೆ ಡಾಟ್ ಗಿಟ್‌ಹಬ್ ಡಾಟ್ ಐಒ ಸೇರಿಸಿದ ವಿಳಾಸವನ್ನು ಕೊಡಿರಿ. ರೆಪಾಸಿಟರಿಯ (ಬ್ಲಾಗಿನ ಕಡತಗಳಿರುವ ಗಿಟ್‌ಹಬ್ ಸಂಗ್ರಹದ) ಹೆಸರನ್ನು ಅಲ್ಲಿ ಸೇರಿಸಬಾರದು. ಮೂಲ ಡೊಮೇನಿಗೂ ಸಿನೇಮ್ ಹಾಕಬಹುದಲ್ಲವೇ ಎಂದು ಅನೇಕರು ಕೇಳುತ್ತಾರೆ. ಸಿನೇಮ್ ಇರುವ ಹೆಸರಿನಲ್ಲಿ ಬೇರೆ ರೆಕಾರ್ಡ್‌ಗಳು ಇರುವಂತಿಲ್ಲ, ಮೂಲ ಡೊಮೇನಿನಲ್ಲಿ ಡೊಮೇನಿನ ಆಡಳಿತಕ್ಕೆ ಬೇಕಾದ ಎಸ್‌ಒಎ ಮತ್ತು ಎನ್‌ಎಸ್ ರೆಕಾರ್ಡ್‌ಗಳು ಇರಲೇಬೇಕು. ಹಾಗಾಗಿ ಅಲ್ಲಿ ಎ ರೆಕಾರ್ಡ್‌ಗಳೇ ಸರಿ.

ಇಷ್ಟಾದ ಮೇಲೆ ರೆಪಾಸಿಟರಿಯ ಪೇಜಸ್ ಸೆಟ್ಟಿಂಗ್ಸ್‌ನಲ್ಲಿ ಕಸ್ಟಮ್ ಡೊಮೇನನ್ನು ತೆಗೆದು, ಉಳಿಸಿ, ಮತ್ತೆ ಬರೆಯಿರಿ. ಪ್ರಮಾಣಪತ್ರದ ಕೋರಿಕೆ ಆಗ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಯಾರು ಪ್ರಮಾಣಪತ್ರ ಕೊಡಬಹುದೆಂದು ಹೇಳುವ ಸಿಎಎ ರೆಕಾರ್ಡ್‌ಗಳು ಇದ್ದರೆ ಅವುಗಳಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ಗೆ ಅನುಮತಿ ಇರುವುದೂ ಅಗತ್ಯ. ಸಿಎಎ ಇಲ್ಲವೇ ಇಲ್ಲದಿದ್ದರೆ ಚಿಂತೆಯಿಲ್ಲ.

ಪ್ರಶ್ನೆ ಕೇಳಿದವರು

ಪ್ರಮಾಣಪತ್ರ ಬಂದಿತು, ಎಚ್‌ಟಿಟಿಪಿಎಸ್ ಕಡ್ಡಾಯಗೊಳಿಸಿದೆ. ಈಗ ಬ್ಲಾಗಿನ ಬರಹವೆಲ್ಲ ಇದೆ, ಆದರೆ ವಿನ್ಯಾಸವೇ ಮಾಯವಾಗಿ ಬರಿಯ ಅಕ್ಷರಗಳು ಉಳಿದಿವೆ!

ಉತ್ತರ 3

ಜೆಕಿಲ್‌ನ ಕಾನ್ಫಿಗ್ ಕಡತದಲ್ಲಿ ಯುಆರ್‌ಎಲ್ ಎಂಬಲ್ಲಿ ವಿಳಾಸವು ಎಚ್‌ಟಿಟಿಪಿಯಿಂದ ಆರಂಭವಾಗುತ್ತಿದೆಯೇ ನೋಡಿರಿ. ಸುರಕ್ಷಿತ ಪುಟವೊಂದು ಅಸುರಕ್ಷಿತ ವಿಳಾಸದಿಂದ ಸಿಎಸ್‌ಎಸ್ (ವಿನ್ಯಾಸದ ಕಡತ) ಕೇಳಿದರೆ ಬ್ರೌಸರ್ ಅದನ್ನು ತಡೆಯುತ್ತದೆ. ಅಲ್ಲಿ ಎಚ್‌ಟಿಟಿಪಿಎಸ್ ಎಂದು ಬದಲಿಸಿ ಮತ್ತೆ ಗಿಟ್‌ಹಬ್‌ಗೆ ಪುಶ್ ಮಾಡಿರಿ (ಕಳುಹಿಸಿರಿ).

ಖರ್ಚಿನ ವಿಷಯದಲ್ಲಿ ಒಂದು ಮಾತು: ರಿಜಿಸ್ಟ್ರಾರ್‌ಗಳು ಮೊದಲ ವರ್ಷಕ್ಕೆ ರಿಯಾಯಿತಿ ಕೊಟ್ಟು, ನವೀಕರಣಕ್ಕೆ ಹೆಚ್ಚಿನ ದರ ಹಾಕುವುದು ಸಾಮಾನ್ಯ. ನಿಮ್ಮ ಡೊಮೇನಿನ ನವೀಕರಣ ದರವನ್ನು ಈಗಲೇ ನೋಡಿಕೊಳ್ಳಿರಿ. ಅದು ದುಬಾರಿಯೆನಿಸಿದರೆ, ಸಾಮಾನ್ಯವಾಗಿ ನೋಂದಣಿಯಾದ 60 ದಿನಗಳ ನಂತರ, ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಬಹುದು. ಆಗ ಡಿಎನ್‌ಎಸ್ ರೆಕಾರ್ಡ್‌ಗಳನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ಪ್ರಶ್ನೆ ಕೇಳಿದವರು

ಕಾನ್ಫಿಗ್‌ನಲ್ಲಿ ಒಂದೇ ಒಂದು ಅಕ್ಷರ ಕಡಿಮೆಯಿತ್ತು. ಸರಿಪಡಿಸಿದ ಮೇಲೆ ವಿನ್ಯಾಸ ಮರಳಿತು, ಎರಡೂ ಜಾಲಗಳಲ್ಲಿ, ಎರಡೂ ವಿಳಾಸಗಳಲ್ಲಿ ಬ್ಲಾಗ್ ತೆರೆಯುತ್ತಿದೆ. ಡೊಮೇನ್ ಹೊರತು ಬೇರೆ ಯಾವುದಕ್ಕೂ ಹಣ ಕೊಡಲಿಲ್ಲ. ನವೀಕರಣ ದರ ಮೊದಲ ವರ್ಷದ ಮೂರು ಪಟ್ಟಿದೆ. ವರ್ಗಾವಣೆಯ ದಿನವನ್ನು ಗುರುತು ಹಾಕಿಕೊಂಡಿದ್ದೇನೆ.