ಪದಚರ್ಚೆ: ಟಾರ್ಚ್ ತಿಂದ ಒಂದೂವರೆ ಮಿಲಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ನನ್ನ ಕೆಲಸ. ಹುಡುಗರಲ್ಲಿ ಅರ್ಧಕ್ಕರ್ಧ ವಿಜಯಪುರ, ಕಲಬುರಗಿ ಕಡೆಯವರು. ಕೈಯಲ್ಲಿ ಹಿಡಿದು, ಕರೆಂಟಿನ ಜ್ವಾಲೆಯಿಂದ ಲೋಹ ಕೊಯ್ಯುವ ಪ್ಲಾಸ್ಮಾ ಟಾರ್ಚ್ ಬಗ್ಗೆ ಅವರಿಗೆ ಕನ್ನಡದಲ್ಲೇ ಒಂದು ಹಾಳೆ ಬರೆದು ಗೋಡೆಗೆ ಅಂಟಿಸೋಣ ಅಂತ ಕೂತೆ. ಮುಕ್ಕಾಲು ಹಾಳೆ ಸಲೀಸಾಗಿ ಬಂತು. ಕರ್ಫ್ (ಕೊಯ್ಯುವಾಗ ಕಳೆದುಹೋಗೋ ಅಗಲ) ಅನ್ನುವ ಇಂಗ್ಲಿಷ್ ಪದಕ್ಕೆ ಬಂದು ನಿಂತುಬಿಟ್ಟೆ.

ಆ ಪದ ಯಾಕೆ ಬೇಕೇ ಬೇಕು ಅಂತ ಹೇಳ್ತೀನಿ. ಕಳೆದ ವಾರ ಹೊಸ ಹುಡುಗನೊಬ್ಬನಿಗೆ ಒಂದು ಮೀಟರ್ ಪಟ್ಟಿ ಕೊಟ್ಟು, ನೂರು ನೂರು ಮಿಲಿಯ 10 ತುಂಡು ಮಾಡು ಅಂದೆ. 100, 200, 300 ಅಂತ ಗೆರೆ ಎಳೆದು, ಸರಿಯಾಗಿ ಗೆರೆಯ ಮೇಲೇ ಟಾರ್ಚ್ ಓಡಿಸಿದ. ಕೊಯ್ತ ನೋಡೋಕೆ ಚೆನ್ನಾಗೇ ಇತ್ತು. ಅಳೆದರೆ ನಡುವಿನ ಎಂಟೂ ತುಂಡು ತೊಂಬತ್ತೆಂಟೂವರೆ. ಹತ್ತನ್ನೂ ಸಾಲಾಗಿ ಇಟ್ಟರೆ ಮೀಟರಿಗೆ ಹದಿಮೂರೂವರೆ ಮಿಲಿ ಕಮ್ಮಿ. "ಉಳಿದದ್ದು ಎಲ್ಲಿ ಹೋತ್ರೀ ಅಣ್ಣಾರ?" ಅಂದ. ಟೇಬಲ್ ಕೆಳಗೆ ಬಿದ್ದಿದ್ದ ಕಿಟ್ಟ ತೋರಿಸಿದೆ. ನಮ್ಮ 40 ಆಂಪಿಯರ್ ಮೆಷಿನ್ ಒಂದು ಕೊಯ್ತಕ್ಕೆ ಸುಮಾರು ಒಂದೂವರೆ ಮಿಲಿ ಲೋಹ ಕರಗಿಸಿ ಊದಿಬಿಡುತ್ತೆ. ಒಂಬತ್ತು ಕೊಯ್ತ, ಲೆಕ್ಕ ಸರಿಹೋಯ್ತು.

ಆ ಒಂದೂವರೆ ಮಿಲಿಯೇ ಕರ್ಫ್. ನಮ್ಮ ಮಿಸ್ತ್ರಿ ಮರಾಠಿಯಲ್ಲಿ "ಕಟಿಂಗ್ ಸೋಡೂನ್ ಮಾರ್ಕ್ ಕರ್" ಅಂತಾರೆ. ಕಟಿಂಗ್ ಬಿಟ್ಟು ಗುರುತು ಹಾಕು ಅಂತ. ಅಲ್ಲಿ ಕಟಿಂಗ್ ಅಂದರೆ ಮಾಡೋ ಕೆಲಸವೂ ಹೌದು, ಕಳೆದುಹೋಗೋ ಲೋಹವೂ ಹೌದು. ಹಳಬರಿಗೆ ಅರ್ಥವಾಗುತ್ತೆ. ಹೊಸಬ ಸುಮ್ನೆ ತಲೆ ಆಡಿಸುತ್ತಾನೆ.

ಕ್ರಿಯಾಪದದ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಕನ್ನಡ ಇಲ್ಲಿ ಬಹಳ ಜಾಣ ಭಾಷೆ. ಸೌದೆಯನ್ನು ಸೀಳುತ್ತೀವಿ, ಎರಡು ಹೋಳನ್ನು ಮತ್ತೆ ಕೂಡಿಸಿದರೆ ಹೆಚ್ಚುಕಮ್ಮಿ ಮೊದಲಿನಷ್ಟೇ. ತಗಡನ್ನು ಕತ್ತರಿಸುತ್ತೀವಿ, ಕತ್ತರಿ ಏನನ್ನೂ ನುಂಗಲ್ಲ. ಆದರೆ ಮರವನ್ನು ಗರಗಸದಿಂದ ಕೊಯ್ಯುತ್ತೀವಿ, ಅಲ್ಲಿ ಹೊಟ್ಟು ಉದುರುತ್ತೆ. ಪ್ಲಾಸ್ಮಾದ್ದು ಗರಗಸದ ಜಾತಿ. ಹೊಟ್ಟಿನ ಬದಲು ಕಿಟ್ಟ, ಅಷ್ಟೇ. ಹಾಗಾಗಿ ಹಾಳೆಯಲ್ಲಿ ಎಲ್ಲಾ ಕಡೆ ಕೊಯ್ಯು ಅಂತಲೇ ಬರೆದಿದ್ದೀನಿ. ಗ್ಯಾಸ್ ಕಟಿಂಗ್‌ಗೆ ಮಾತ್ರ ಸುಡು ಅನ್ನಬಹುದೇನೋ, ಅಲ್ಲಿ ಆಮ್ಲಜನಕ ನಿಜಕ್ಕೂ ಕಬ್ಬಿಣವನ್ನು ಸುಡುತ್ತೆ. ಸ್ಟೇನ್‌ಲೆಸ್, ಅಲ್ಯುಮಿನಿಯಂ ಅದಕ್ಕೆ ಬಗ್ಗಲ್ಲ. ಪ್ಲಾಸ್ಮಾಕ್ಕೆ ಆ ಭೇದವಿಲ್ಲ, ಕರೆಂಟ್ ಹರಿದರೆ ಸಾಕು.

ಕರಗಿ ಅಂಚಿಗೆ ಅಂಟೋ ಲೋಹಕ್ಕೆ, ಅಂದರೆ ಡ್ರಾಸ್‌ಗೆ, ಕಿಟ್ಟ ಅನ್ನೋದು ಹುಡುಗರಿಗೆ ಮೊದಲೇ ಗೊತ್ತಿತ್ತು, ಊರಿನ ಕುಲುಮೆಯ ಪುಣ್ಯ. ಅದರಲ್ಲಿ ಎರಡು ಬಗೆ. ಕೈ ತೀರಾ ನಿಧಾನವಾದರೆ ತಳದಲ್ಲಿ ದಪ್ಪ ದಪ್ಪ ಉಂಡೆ ಕಟ್ಟುತ್ತೆ, ಸುತ್ತಿಗೆ ತಾಗಿಸಿದರೆ ಉದುರುತ್ತೆ. ತೀರಾ ಜೋರಾಗಿ ಎಳೆದರೆ ಅಂಚಿಗೆ ದಾರದಂಥ ಗಟ್ಟಿ ಕಿಟ್ಟ ಅಂಟುತ್ತೆ, ಗ್ರೈಂಡರ್ ಹಿಡಿಯದೆ ಬಿಡಲ್ಲ. ಇವಕ್ಕೆ ಉಂಡೆಕಿಟ್ಟ, ದಾರಕಿಟ್ಟ ಅಂತ ಬರೆದೆ. ಕಿಡಿ ತಳದಿಂದ ಸ್ವಲ್ಪ ಹಿಂದಕ್ಕೆ ವಾಲಿ ಬೀಳಬೇಕು, ಮೇಲಕ್ಕೆ ಚಿಮ್ಮಿದರೆ ಆರ್ಕ್ (ಟಾರ್ಚಿನ ಕರೆಂಟಿನ ಜ್ವಾಲೆ) ಇನ್ನೂ ತೂರಿಲ್ಲ ಅಂತ, ಇದನ್ನು ಹೇಳೋಕೂ ಕನ್ನಡ ತಡವರಿಸಲಿಲ್ಲ. ಟಾರ್ಚ್ ಅನ್ನೋದರಲ್ಲೂ ಗೊಂದಲ ಇಲ್ಲ. ನಮ್ಮ ಕಡೆ ಕೈದೀಪಕ್ಕೆ ಬ್ಯಾಟ್ರಿ ಅಂತಾರಲ್ವಾ! ಪ್ಲಾಸ್ಮಾ ಅಂದಾಗ ಮಾತ್ರ ಒಬ್ಬ "ರಕ್ತದಾಗ ಇರೋದಲ್ಲೇನ್ರಿ?" ಅಂದ. ಹೆಸರು ಅದೇ, ಇದು ಬಿಸಿಗೆ ವಿದ್ಯುತ್ ಹರಿಯುವಂತಾದ ಗಾಳಿ ಅಂತ ಹೇಳಿ ಮುಂದೆ ಹೋದೆ.

ಕರ್ಫ್‌ಗೆ ಇದುವರೆಗೆ ಸಿಕ್ಕ ಪದಗಳು ಇವು. ಸಂದು: ಬಾಗಿಲಿಗೂ ಸಂದು, ಹಲ್ಲಿಗೂ ಸಂದು, ಅಗಲ ಗೊತ್ತಾಗುತ್ತೆ, ನಷ್ಟ ಗೊತ್ತಾಗಲ್ಲ. ಸೀಳು: ಮೇಲೆ ಹೇಳಿದ ಕಾರಣಕ್ಕೇ ಬೇಡ. ಸವಕಳಿ: ನನಗೆ ಇಷ್ಟವಾಗಿತ್ತು, ಆದರೆ ಅದು ದಿನ ಕಳೆದಂತೆ ಆಗೋದು. ಟಾರ್ಚಿನ ನಾಝಲ್ ತೂತು ಅಗಲವಾಗೋದಕ್ಕೆ, ಒಳಗಿನ ಎಲೆಕ್ಟ್ರೋಡಿನ ತುದಿಯ ಹಾಫ್ನಿಯಂ ಲೋಹ ಗುಳಿ ಬೀಳೋದಕ್ಕೆ ಅದನ್ನು ಆಗಲೇ ಬಳಸಿಬಿಟ್ಟಿದ್ದೀನಿ. ಗೆಳೆಯನೊಬ್ಬ ಕೊಯ್ಸಂದು ಅಂದ. ಹುಡುಗರ ಮುಂದೆ ಹೇಳಿ ನೋಡಿದೆ. ಯಾರದೋ ಅಡ್ಡಹೆಸರು ಕೇಳಿದ ಹಾಗೆ ನಕ್ಕರು.

ಈ ನಡುವೆ ಆ ಹೊಸ ಹುಡುಗ ತನ್ನ ಪಾಡಿಗೆ ಒಂದು ಪದ ಮಾಡಿಕೊಂಡಿದ್ದಾನೆ. ನಿನ್ನೆ ಪ್ಲೇಟಿನ ಮೇಲೆ ಜೋಡಿ ಗೆರೆ ಎಳೆದು, ನಡುವೆ ಸೀಮೆಸುಣ್ಣದಲ್ಲಿ "ತಿಂದಿದ್ದು" ಅಂತ ಬರೆದಿದ್ದ. ತುಂಡು ಅಳತೆಗೆ ಸರಿಯಾಗಿ ಬಂತು. ಆದರೆ "ತಿಂದಿದ್ದು ಎಷ್ಟು ಬಿಡಬೇಕು" ಅಂತ ಹಾಳೆಯಲ್ಲಿ ಬರೆದರೆ ಊಟದ ಮಾತಿನ ಥರ ಕೇಳುತ್ತೆ. ತಿಂದಿದ್ದನ್ನು ಬಿಡೋದು ಹೇಗೆ?

ನನ್ನ ಪ್ರಶ್ನೆ ಮರ ಕೊಯ್ಯುವವರನ್ನು ಬಲ್ಲವರಿಗೆ. ದಾಂಡೇಲಿ, ಶಿವಮೊಗ್ಗ, ಸಾಗರದ ಸಾಮಿಲ್‌ಗಳಲ್ಲಿ ಹಲಗೆಯ ಲೆಕ್ಕ ಹಾಕುವಾಗ ಗರಗಸ ನುಂಗಿದ ಭಾಗಕ್ಕೆ ಏನಂತ ಕರೀತಾರೆ? ಬಡಗಿಗಳ, ಕೈಗರಗಸದ ಕಾಲದ ಪದವಾದರೂ ಸರಿ. ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೀನಿ. ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ "ಟಾರ್ಚಿನ ಪಾಲು" ಅಂತ ಬರೆದಿದೆ.