ಹಳೇ ರ್ಯಾಲಿ ಸೈಕಲ್ಲಿಗೆ 700ಸಿ ಚಕ್ರ, ಉದ್ದ ಮಡ್‌ಗಾರ್ಡ್: ಮೊದಲು ಏನು ಅಳೆಯಬೇಕು?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಸೈಕಲ್ಲು, 1970ರ ದಶಕದ ರ್ಯಾಲಿ ಗ್ರ್ಯಾಂಡ್ ಪ್ರಿ. 27×1¼ ಉಕ್ಕಿನ ರಿಮ್, ವೈನ್‌ಮನ್ ಸೆಂಟರ್‌ಪುಲ್ ಬ್ರೇಕ್ (ವೈರು ನಟ್ಟನಡುವಿಂದ ಎರಡೂ ತೋಳನ್ನು ಎಳೆಯುವಂಥದ್ದು), ಹಿಂದೆ 5 ಗೇರಿನ ಫ್ರೀವೀಲ್. ಮಳೆಯಿರಲಿ ಬಿಡಲಿ, ದಿನಾ ಕೆಲಸಕ್ಕೆ ಓಡಿಸಬೇಕು. 700ಸಿ ಅಲ್ಯೂಮಿನಿಯಂ ಚಕ್ರ, ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕುವ ಆಸೆ. ಊರಿಂದ ಬರುವವರ ಕೈಲಿ ಟೈರ್ ತರಿಸಬಹುದಾ?

ಉತ್ತರ 1: ಟೈರ್ ತರಿಸಬೇಡಿ. ನಮ್ಮೂರಿನ ಹೀರೋ, ಅಟ್ಲಾಸ್ ಸೈಕಲ್ಲಿನ 28×1½ ಟೈರು ಕೂರುವ ವ್ಯಾಸ 635 ಮಿ.ಮೀ. ನಿಮ್ಮ 27 ಇಂಚಿನದು 630, 700ಸಿಯದು 622. ಮೂರೂ ನೋಡಲು ಒಂದೇ ಥರ, ಆದರೆ ಒಂದರ ಟೈರು ಇನ್ನೊಂದಕ್ಕೆ ಆಗುವುದಿಲ್ಲ. ಟೈರಿನ ಪಕ್ಕದಲ್ಲಿ 32-630, 32-622 ಎಂದು (ಅಗಲ-ವ್ಯಾಸ) ಅಚ್ಚಾಗಿರುವ ಸಂಖ್ಯೆಯನ್ನು ಮಾತ್ರ ನಂಬಿ.

ಇನ್ನು ರಿಮ್. ಉಕ್ಕಿನ ರಿಮ್ ತೆಗೆಯುವ ನಿಮ್ಮ ಯೋಚನೆ ಸರಿ. ಕ್ರೋಮ್ ಒದ್ದೆಯಾದರೆ ರಬ್ಬರ್ ಜಾರುತ್ತದೆ, ಹಿಡಿದರೂ ಸೈಕಲ್ ನಿಲ್ಲುವುದಿಲ್ಲ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಲಾಭ ಇಲ್ಲೇ ಇದೆ. ಆದರೆ 630ರಿಂದ 622ಕ್ಕೆ ಹೋದರೆ ರಿಮ್ಮಿನ ಅಂಚು ಆಕ್ಸಲ್ ಕಡೆಗೆ 4 ಮಿ.ಮೀ. ಸರಿಯುತ್ತದೆ, ಬ್ರೇಕ್ ರಬ್ಬರೂ ಅಷ್ಟೇ ಕೆಳಗಿಳಿಯಬೇಕು. ದುಡ್ಡು ಕೊಡುವ ಮುಂಚೆ ಬ್ರೇಕ್ ತೋಳಿನ ಸೀಳು ನೋಡಿ: ರಬ್ಬರ್ ಹಿಡಿದಿರುವ ಬೋಲ್ಟಿನ ಕೆಳಗೆ 4 ಮಿ.ಮೀ. ಜಾಗ ಇದೆಯೇ? ಹಿಂದೆ ಮುಂದೆ ಎರಡೂ ಕಡೆ ಅಳೆಯಿರಿ, ಎರಡೂ ಒಂದೇ ಇರಬೇಕೆಂದಿಲ್ಲ. ಜಾಗ ಇದ್ದರೆ ಹಳೇ ವೈನ್‌ಮನ್ನೇ ಸಾಕು. ಕೂಲ್‌ಸ್ಟಾಪ್‌ನ ಸಾಲ್ಮನ್ ಬಣ್ಣದ ರಬ್ಬರ್ ಹಾಕಿ, ಒದ್ದೆ ಅಲ್ಯೂಮಿನಿಯಂ ಮೇಲೆ ಚೆನ್ನಾಗಿ ಹಿಡಿಯುತ್ತದೆ.

ಜಾಗ ಇಲ್ಲದಿದ್ದರೆ ಟೆಕ್ಟ್ರೋ ಆರ್559 ನೋಡಿ, ಅದರ ರೀಚ್ (ಬ್ರೇಕಿನ ನಡು ಬೋಲ್ಟಿನಿಂದ ರಬ್ಬರಿಗಿರುವ ದೂರ) 55ರಿಂದ 73 ಮಿ.ಮೀ. ನಟ್ಟು ಹೊರಗೆ ಕಾಣುವ ಮಾದರಿಯನ್ನೇ ಕೇಳಿ ತನ್ನಿ. ನಟ್ಟು ಒಳಗೆ ಹುದುಗುವ ಮಾದರಿ ತಂದರೆ ಫೋರ್ಕಿನ ಹಿಂಬದಿಯ ತೂತನ್ನು 8 ಮಿ.ಮೀ.ಗೆ ಕೊರೆಯಬೇಕಾಗುತ್ತದೆ.

ಉತ್ತರ 2: ಬ್ರೇಕ್ ಕೆಳಗಿಳಿಯದಿದ್ದರೆ 27 ಇಂಚಿನಲ್ಲೇ ಉಳಿಯುವುದೂ ಒಳ್ಳೆಯ ದಾರಿ. ಸನ್ ಸಿಆರ್18 ಅಲ್ಯೂಮಿನಿಯಂ ರಿಮ್ 630ರಲ್ಲೂ ಬರುತ್ತದೆ, ಪ್ಯಾನರೇಸರ್ ಪಸೇಲಾ, ಶ್ವಾಲ್ಬೆ ಮ್ಯಾರಥಾನ್ ಟೈರುಗಳೂ ಆ ಅಳತೆಯಲ್ಲಿವೆ. ಟೈರಿನ ಆಯ್ಕೆ ಕಮ್ಮಿ, ನಿಜ. ಆದರೆ ಬ್ರೇಕ್ ಮುಟ್ಟಬೇಕಾಗಿಲ್ಲ, ಹಳೇ ಹಬ್ (ಕಡ್ಡಿಗಳು ಸೇರುವ ಚಕ್ರದ ನಡುಭಾಗ) ಕೂಡ ಉಳಿಯುತ್ತದೆ. ಮೊದಲು ಹಬ್ಬಿನ ತೂತು ಎಣಿಸಿ. ಹಳೇ ಬ್ರಿಟಿಷ್ ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುವುದುಂಟು. 40 ಬಂದರೆ ಅದಕ್ಕೆ ರಿಮ್ ಹುಡುಕುವುದೇ ಕಷ್ಟ, ಹಬ್ಬನ್ನೂ ಬದಲಿಸಿಬಿಡಿ.

ಉತ್ತರ 3: ಹಿಂದಿನ ಚಕ್ರದ ಅಗಲವನ್ನು ಯಾರೂ ಹೇಳಲಿಲ್ಲ. 5 ಗೇರಿನ ಫ್ರೇಮಿನಲ್ಲಿ ಡ್ರಾಪೌಟ್‌ಗಳ (ಹಿಂದಿನ ಆಕ್ಸಲ್ ಕೂರುವ ಸೀಳುಗಳ) ನಡುವೆ ಸಾಮಾನ್ಯವಾಗಿ 120 ಮಿ.ಮೀ. ಇರುತ್ತದೆ. ಆಮೇಲೆ ಬಂದ 6, 7 ಗೇರಿನ ಹಬ್ 126, ಈಗಿನ 8ರಿಂದ 11 ಗೇರಿನ ರೋಡ್ ಹಬ್ 130. ಸಸ್ತಾ ಸಿಕ್ಕಿತೆಂದು 130ರ ಚಕ್ರ ತಂದು ಕೈಯಲ್ಲಿ ಜಗ್ಗಿ ತುರುಕಬೇಡಿ. ಡ್ರಾಪೌಟ್‌ಗಳು ಸಮಾಂತರ ತಪ್ಪುತ್ತವೆ, ಆಕ್ಸಲ್ ಬೆಂಡಾಗುತ್ತದೆ ಅಥವಾ ತುಂಡಾಗುತ್ತದೆ. ಸ್ಕ್ರೂ ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬಾಲ್ಸು ಆಕ್ಸಲ್ ತುದಿಯಿಂದ ದೂರ ಇರುವುದರಿಂದ ಮೊದಲೇ ಅದು ದುರ್ಬಲ ಜಾಗ.

ನನ್ನ ಆಯ್ಕೆ: 126ರ ಸ್ಕ್ರೂ ಫ್ರೀವೀಲ್ ಹಬ್. ಫ್ರೇಮ್ ಉಕ್ಕಿನದಾದ್ದರಿಂದ ಪ್ರತಿ ಕಡೆ 3 ಮಿ.ಮೀ. ಅಗಲಿಸಬಹುದು. ಒಂದು ದಾರವನ್ನು ಒಂದು ಡ್ರಾಪೌಟಿಗೆ ಕಟ್ಟಿ, ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಕೊಳವೆ) ಸುತ್ತಿ ತಂದು ಇನ್ನೊಂದು ಡ್ರಾಪೌಟಿಗೆ ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ದಾರಕ್ಕಿರುವ ಅಂತರ ಎರಡೂ ಕಡೆ ಸಮ ಇರಬೇಕು. ಒಂದು ಕಡೆ ಸ್ವಲ್ಪ ಅಗಲಿಸಿ, ಬಿಟ್ಟು, ಅಳೆದು, ಮತ್ತೆ ಇನ್ನೊಂದು ಕಡೆ. ಉಕ್ಕು ಹಿಂದಕ್ಕೆ ಚಿಮ್ಮುವುದರಿಂದ ಬೇಕಾದ್ದಕ್ಕಿಂತ ಹೆಚ್ಚೇ ಎಳೆಯಬೇಕಾಗುತ್ತದೆ, ಒಂದೇ ಏಟಿಗೆ ಮುಗಿಸಲು ಹೋಗಬೇಡಿ. ಕೊನೆಗೆ ಡ್ರಾಪೌಟ್‌ಗಳನ್ನು ಸಮಾಂತರ ಮಾಡಿಸದೆ ಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಫ್ರೇಮ್ ಮುಟ್ಟಲು ಇಷ್ಟವಿಲ್ಲವೇ? 5 ಗೇರಿನ ಫ್ರೀವೀಲೇ ಇರಲಿ. ಆಕ್ಸಲ್ಲಿನ ಸ್ಪೇಸರ್ ತೆಗೆದು ಹಬ್ಬನ್ನು 120ಕ್ಕೆ ಇಳಿಸಿ, ರಿಮ್ ಆಕ್ಸಲ್ಲಿನ ಎರಡು ಕಡೆಯ ಲಾಕ್‌ನಟ್‌ಗಳ ನಟ್ಟನಡುವೆ ಬರುವಂತೆ ಕಡ್ಡಿ ಬಿಗಿದು ಔಟ್ ತೆಗೆಯಿರಿ.

ಮುಂದಿನ ಫೋರ್ಕಿನ ಸೀಳನ್ನೂ ಅಳೆಯಿರಿ. ಈಗಿನ ಮುಂದಿನ ಆಕ್ಸಲ್ 9 ಮಿ.ಮೀ., ಕೆಲವು ಹಳೇ ರ್ಯಾಲಿಗಳ ಸೀಳು ಸುಮಾರು 8. ಸೀಳನ್ನು ಅರದಿಂದ ಉಜ್ಜುವುದಾದರೆ ಅಗಲಕ್ಕೆ ಮಾತ್ರ ಉಜ್ಜಿ, ಆಳಕ್ಕೆ ಬೇಡ. ಒಂದು ಕಡೆ ಆಳವಾದರೆ ಚಕ್ರ ಓರೆಯಾಗಿ ಕೂರುತ್ತದೆ.

ಕೇಳಿದವರು: ಅಳೆದೆ. ಬ್ರೇಕ್ ಬೋಲ್ಟಿನ ಕೆಳಗೆ ಮುಂದೆ 6, ಹಿಂದೆ 5 ಮಿ.ಮೀ. ಇದೆ. ಹಿಂದಿನ ಅಗಲ 121. ಕಡ್ಡಿ 36-36. 700×32 ಟೈರಿಗೆ ಎಷ್ಟು ಅಗಲದ ಮಡ್‌ಗಾರ್ಡ್?

ಉತ್ತರ 4: ಹಾಗಾದರೆ 700ಸಿ ಧೈರ್ಯವಾಗಿ ಹಾಕಿ. 32ರ ಟೈರಿಗೆ 45 ಮಿ.ಮೀ. ಅಗಲದ ಮಡ್‌ಗಾರ್ಡ್. ಫೋರ್ಕಿನ ಎರಡು ಕಾಲುಗಳ ನಡುವೆ 45 ಹಿಡಿಯುತ್ತದೆಯೇ ನೋಡಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ 10 ಮಿ.ಮೀ. ಬಿಡಿ. ಚಕ್ರ ಚಿಕ್ಕದಾದ್ದರಿಂದ ಸಿಕ್ಕ 4 ಮಿ.ಮೀ. ಇಲ್ಲಿ ಉಪಕಾರಕ್ಕೆ ಬರುತ್ತದೆ.

ಅಲ್ಯೂಮಿನಿಯಂ ಮಡ್‌ಗಾರ್ಡ್ ಬಿರುಕು ಬಿಡುವುದು ಎಳೆದು ಬಗ್ಗಿಸಿ ಬೋಲ್ಟು ಹಾಕಿದಾಗ. ಬೋಲ್ಟು ಹಾಕುವ ಮುಂಚೆಯೇ ಅದು ತನ್ನಷ್ಟಕ್ಕೆ ಜಾಗದಲ್ಲಿ ಕೂತಿರಬೇಕು. ಹಿಂದೆ ಬಾಟಮ್ ಬ್ರಾಕೆಟ್ (ಪೆಡಲಿನ ಆಕ್ಸಲ್ ಕೂರುವ ಜಾಗ) ಹತ್ತಿರ ಫ್ರೇಮಿನ ಅಡ್ಡ ಪಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಖಾಲಿ ಉಳಿಯುತ್ತದೋ ಅಷ್ಟೇ ದಪ್ಪದ ಸ್ಪೇಸರ್ ಹಾಕಿ, ಲೋಹ ಲೋಹಕ್ಕೆ ತಾಗುವ ಕಡೆ ಚರ್ಮದ ವಾಷರ್. ಒಂದು ಎಚ್ಚರಿಕೆ: ನಿಮ್ಮ ಫ್ರೇಮಿನಲ್ಲಿ ಹಿಂದಿನ ಚಕ್ರ ಮುಂದಕ್ಕೆ ಸರಿದು ಹೊರಬರುತ್ತದೆ. ಅಲ್ಲಿ ಮಡ್‌ಗಾರ್ಡ್ ಟೈರಿಗೆ ತೀರಾ ಹತ್ತಿರವಿದ್ದರೆ ಪಂಚರ್ ಆದಾಗಲೆಲ್ಲ ಗಾಳಿ ಪೂರ್ತಿ ಬಿಡದೆ ಚಕ್ರ ಬರುವುದಿಲ್ಲ.

ಚೈನಿನ ಕಡೆ ಮಡ್‌ಗಾರ್ಡ್ ಹಿಡಿಯುವ ಎಂ5 (5 ಮಿ.ಮೀ.) ಬೋಲ್ಟು ಒಳಕ್ಕೆ ಚಾಚಿದರೆ ಕೊನೇ ಗೇರಿನಲ್ಲಿ ಚೈನು ಉಜ್ಜುತ್ತದೆ, ಉದ್ದ ಕತ್ತರಿಸಿಯೇ ಹಾಕಿ. ಎಲ್ಲ ಬೋಲ್ಟಿಗೂ ನೀಲಿ ಲಾಕ್‌ಟೈಟ್ (ಬೋಲ್ಟು ಸಡಿಲವಾಗದಂತೆ ಹಚ್ಚುವ ಅಂಟು) ಒಂದು ಹನಿ. ಮುಂದಿನ ಮಡ್‌ಗಾರ್ಡನ್ನು ಹಿಡಿದಿರುವ ಕಡ್ಡಿಗಳಿಗೆ ಒತ್ತಡ ಬಿದ್ದರೆ ಬಿಟ್ಟುಕೊಳ್ಳುವ ಕ್ಲಿಪ್ ಇರಲೇಬೇಕು, ಎಸ್‌ಕೆಎಸ್ ಸೆಟ್ಟುಗಳಲ್ಲಿ ಬರುತ್ತದೆ. ಒಂದು ಕೋಲು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿದರೆ ಮಡ್‌ಗಾರ್ಡ್ ಮಡಚಿಕೊಂಡು ಮುಂಚಕ್ರ ನಿಂತುಬಿಡುತ್ತದೆ, ಓಡಿಸುವವರು ಹ್ಯಾಂಡಲ್ ಮೇಲಿಂದ ಬೀಳುತ್ತಾರೆ.

ಉತ್ತರ 1: ಸೆಂಟರ್‌ಪುಲ್ ಇಟ್ಟುಕೊಳ್ಳುವವರಿಗೆ ಮುಂದಿನ ಮಡ್‌ಗಾರ್ಡ್ ಇನ್ನೊಂದು ಕಾರಣಕ್ಕೂ ಬೇಕು. ಮೇಲಿನ ಬ್ರೇಕ್ ವೈರ್ ತುಂಡಾದರೆ ಎರಡು ತೋಳು ಜೋಡಿಸುವ ಅಡ್ಡ ತಂತಿ ಟೈರಿನ ಮೇಲೆ ಬಿದ್ದು ಚಕ್ರವನ್ನು ಹಿಡಿದುಬಿಡಬಹುದು. ಮಡ್‌ಗಾರ್ಡ್ ಇದ್ದರೆ ತಂತಿ ಅದರ ಮೇಲೇ ನಿಲ್ಲುತ್ತದೆ. ಹೇಗೂ ಬ್ರೇಕ್ ಬಿಚ್ಚುತ್ತೀರಿ, ವೈರುಗಳನ್ನೂ ಹೊಸದು ಹಾಕಿಬಿಡಿ.