ಸಹಾಯ ಬೇಕು: ಲೇಹ್‌ನ ಚಳಿ ತಡೆಯುವ ಹಾಸ್ಟೆಲ್ ಡಿಸೈನ್, ಅಲ್ಲಿದ್ದು ಬಂದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಆರ್ಕಿಟೆಕ್ಚರ್ ಕೊನೆಯ ವರ್ಷ ಓದುತ್ತಿದ್ದೇನೆ. ಥೀಸಿಸ್‌ಗೆ ಲಡಾಖ್‌ನ ಲೇಹ್‌ನಲ್ಲಿ ಶಾಲಾ ಮಕ್ಕಳ ಹಾಸ್ಟೆಲ್ ತಗೊಂಡಿದ್ದೇನೆ. ಸೌದೆ, ಸೀಮೆಎಣ್ಣೆ ಜಾಸ್ತಿ ಸುಡದೆ ಮಕ್ಕಳು ಬೆಚ್ಚಗಿರಬೇಕು.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ಮೈನಸ್ 20 ಡಿಗ್ರಿ ತನಕ ಇಳಿಯುವುದುಂಟು. ಆದರೆ ಹಗಲು ಬಿಸಿಲಿಗೆ ಬರವಿಲ್ಲ. ಡಿಸೆಂಬರ್ ಕೊನೆಗೆ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 32 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಹಾಗಾಗಿ ಆ ಕಡೆ ಟ್ರಾಂಬ್ ಗೋಡೆ ಇಟ್ಟಿದ್ದೇನೆ. ಕಪ್ಪು ಬಳಿದ ದಪ್ಪ ಮಣ್ಣಿನ ಗೋಡೆ, ಮುಂದೆ ನಾಲ್ಕು ಬೆರಳು ಜಾಗ ಬಿಟ್ಟು ಗಾಜು. ಹಗಲು ಹೀರಿದ ಬಿಸಿಯನ್ನು ಗೋಡೆ ರಾತ್ರಿ ನಿಧಾನವಾಗಿ ಒಳಗೆ ಬಿಡುತ್ತದೆ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆ ಏಪ್ರಿಲ್‌ನಲ್ಲೂ ತಂಪಾಗಿರೋದು ಇಂಥ ದಪ್ಪದಿಂದಲೇ ಅಲ್ವಾ?

ತೊಡಕು ಇರೋದು ಉತ್ತರದ ಗೋಡೆಯಲ್ಲಿ. ಇನ್ಸುಲೇಷನ್ (ಬಿಸಿ ಸೋರದಂತೆ ತಡೆಯುವ ಪದರ) ಹೊರಗೆ ಹಾಕಿದರೆ ಗೋಡೆಯ ಬಿಸಿ ಒಳಗೇ ಉಳಿಯುತ್ತದೆ, ಅದೇ ಸರಿ ಅಂತ ನನಗನಿಸುತ್ತದೆ. ಆದರೆ ಮಕ್ಕಳ ಉಸಿರು, ಅಡುಗೆಯ ಹಬೆ ತಣ್ಣನೆ ಮೂಲೆಯಲ್ಲಿ ನೀರಾಗಿ ಬೂಷ್ಟು ಹಿಡಿಯಬಾರದು. ಗಾಳಿಕಿಂಡಿ ಎಲ್ಲಿಡಲಿ, ಎಷ್ಟು ದೊಡ್ಡದು? ಈ ಲೆಕ್ಕ ಗೊತ್ತಿರುವವರು ನನ್ನ ಡ್ರಾಯಿಂಗ್ ಒಮ್ಮೆ ನೋಡಿಕೊಡಿ.

ಇನ್ನೊಂದು. ಬೆಳಗಾವಿಯಲ್ಲಿ ಮಿಲಿಟರಿಯಿಂದ ರಿಟೈರ್ ಆದ ಕಾಕಾಗಳು ತುಂಬಾ ಜನ ಇದ್ದೀರಿ. ಲೇಹ್, ದ್ರಾಸ್ ಕಡೆ ಚಳಿಗಾಲ ಕಳೆದಿದ್ದರೆ ದಯವಿಟ್ಟು ಹೇಳಿ. ನೀರಿನ ಪೈಪು ಎಲ್ಲಿ ಹೆಪ್ಪುಗಟ್ಟುತ್ತಿತ್ತು? ಕೋಣೆ ಬೆಚ್ಚಗಿಡುವ ಬುಖಾರಿ ಒಲೆಯ ಹೊಗೆ ಒಳಗೆ ತುಂಬುತ್ತಿತ್ತಾ? ಇದು ಅಲ್ಲಿ ಬಾಳಿದವರಿಗೇ ಗೊತ್ತು. ಟಿಳಕವಾಡಿ, ಕ್ಯಾಂಪ್ ಕಡೆ ಇದ್ದರೆ ನಾನೇ ಡ್ರಾಯಿಂಗ್ ಹಿಡಿದು ಮನೆಗೆ ಬರುತ್ತೇನೆ.